ಮಂತ್ರಿಗಳ ಹಾಜರಿ

ಸೆಪ್ಟೆಂಬರ್ 8, ಭಾನುವಾರ

ಬರೆದು ಹಾಕದಿದ್ದರೆ ಬಾಯಿಂದ ಬಂದುಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಬತ್ತೇಳು ವರ್ಷದ ಮನುಷ್ಯನಿಗೆ ಏನಾದರೂ ಅಂದು, ಆಮೇಲೆ ನಾನೇ ಕೂತು ಸಂಕಟಪಡುವುದು ಯಾರಿಗೆ ಬೇಕು.

ನನ್ನ ಗಂಡ ನಬೀಲ್ ಹೋಗಿ ಮೂರು ತಿಂಗಳಾಯಿತು. ಆಫೀಸಿನಿಂದ ಬಂದವನು ಎದೆ ಹಿಡಿದುಕೊಂಡು ಸೋಫಾದ ಮೇಲೆ ಕೂತ, ಏಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವನ ಅಪ್ಪ ಮಗನ ಹೆಸರನ್ನು ಒಂದೇ ಒಂದು ಸಲ ಎತ್ತಿಲ್ಲ. ಮಣ್ಣು ಮಾಡಿದ ದಿನವೂ ಇಲ್ಲ. ಬಂದವರಿಗೆಲ್ಲ ಕೈಕುಲುಕಿ 'ಥ್ಯಾಂಕ್ಯೂ ಫಾರ್ ಕಮಿಂಗ್' ಅಂದರು. ಒಂದು ಹನಿ ಕಣ್ಣೀರಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಆ ಬಾಯಿಗೆ ಹಲ್ಲು ಕಟ್ಟಿದವಳು ನಾನು. ಜೈಲಿನಲ್ಲಿ ಯಾರೋ ಮುರಿದಿದ್ದ ಮುಂದಿನ ಹಲ್ಲುಗಳ ಬೇರು ತೆಗೆದು, ನನ್ನ ಕ್ಲಿನಿಕ್ಕಿನಲ್ಲೇ ಅಳತೆ ತೆಗೆದು, ಹೊಸ ಸೆಟ್ಟು ಕೂಡಿಸಿದ್ದೇನೆ. ನಾನು ಕೊಟ್ಟ ಹಲ್ಲಿನಲ್ಲಿ ಸೇಬು ಕಚ್ಚಿ ತಿನ್ನುತ್ತಾರೆ. ಮಗನ ಹೆಸರು ಹೇಳುವುದಕ್ಕೆ ಮಾತ್ರ ಆ ಹಲ್ಲು ಉಪಯೋಗಕ್ಕೆ ಬರುವುದಿಲ್ಲ.

ನಾನೂ ನಬೀಲೂ ಬೆನ್ನ ಹಿಂದೆ ಅವರನ್ನು ಮಂತ್ರಿಗಳು ಅನ್ನುತ್ತಿದ್ದೆವು. ಸುಳ್ಳೇನಲ್ಲ. 1967ರಲ್ಲಿ ಬ್ರಿಟಿಷರು ಏಡನ್ ಬಿಟ್ಟು ಹೋದಾಗ ದಕ್ಷಿಣ ಯೆಮನ್ ಎಂಬ ಹೊಸ ದೇಶ ಹುಟ್ಟಿತು. ಅದರಲ್ಲಿ ಉಮರ್ ಬಾ ಜುಬೈರ್ ಎಂಬ ಮೂವತ್ತು ವರ್ಷದ ಮೇಷ್ಟ್ರು ಶಿಕ್ಷಣ ಮಂತ್ರಿಯಾದರು. ಮೂರು ವರ್ಷ ತುಂಬುವುದರೊಳಗೆ ಅವರ ಪಕ್ಷದವರೇ ಅವರನ್ನು ಜೈಲಿಗೆ ಹಾಕಿದರು. ಆಮೇಲೆ ದೇಶಾಂತರ. ಆಮೇಲೆ ಆ ದೇಶವೇ ಉತ್ತರದ ಯೆಮನ್ನಿನಲ್ಲಿ ಕರಗಿಹೋಯಿತು. ಕುರ್ಚಿ ಹೋದ ಮಂತ್ರಿಗಳನ್ನು ನಮ್ಮ ಕಲಬುರಗಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ದೇಶವೇ ಹೋದ ಮಂತ್ರಿ ಇವರೊಬ್ಬರೇ. ಎಂಟು ವರ್ಷದಿಂದ ಕ್ಯಾಂಪ್‌ಬೆಲ್ಲಿನ ಈ ಮನೆಯಲ್ಲಿ, ಬೆಳಿಗ್ಗೆ ಆರಕ್ಕೇ ಎದ್ದು ಟೈ ಕಟ್ಟಿಕೊಳ್ಳುತ್ತಾರೆ. ನನ್ನನ್ನು 'ಡಾಕ್ಟರ್' ಅನ್ನುತ್ತಾರೆ.

ಇನ್ನೊಂದು ಕಿರಿಕಿರಿ ಅಂದರೆ ಪಕ್ಕದ ಮನೆಯ ಶೇಷಾದ್ರಿಯವರದು. ದಿನಾ ಬೆಳಿಗ್ಗೆ ಏಳಕ್ಕೆ ಕಾರು ಸ್ಟಾರ್ಟು ಮಾಡಿ ಹತ್ತು ನಿಮಿಷ ಗುರುಗುಟ್ಟಿಸುತ್ತಾರೆ. ಮೈಸೂರಿನವರು, ರಿಟೈರಾದವರು, ಎಲ್ಲಿಗೆ ಹೋಗಬೇಕು ಅಷ್ಟು ಬೆಳಿಗ್ಗೆ? ಆಗಷ್ಟೇ ಕಣ್ಣು ಹತ್ತಿರುತ್ತದೆ ನನಗೆ.

ಸೆಪ್ಟೆಂಬರ್ 15, ಭಾನುವಾರ

ಮಗಳು ನಿಹಾರಿಕಾ ಎಮರಿವಿಲ್ಲಿನಿಂದ ಫೋನು ಮಾಡಿದ್ದಳು. ನನ್ನ ಕೈ ಹಿಟ್ಟಾಗಿತ್ತು, ಸ್ಪೀಕರಿನ ಮೇಲಿಟ್ಟು ಚಪಾತಿ ಲಟ್ಟಿಸುತ್ತ ಮಾತಾಡಿದೆ.

"ಅಮ್ಮಾ, ಯು ಕಾಂಟ್ ಡೂ ದಿಸ್ ಅಲೋನ್. ಡ್ಯಾನ್‌ವಿಲ್ ಓಲ್ಡ್ ಏಜ್ ಹೋಮಲ್ಲಿ ರೂಮ್ ಇದೆ. ಅರೇಬಿಕ್ ಮಾತಾಡೋ ನರ್ಸ್ ಇದಾರೆ. ಡಿಸೆಂಬರ್ ಫಸ್ಟ್."

"ಆಗ್ಲಿ," ಅಂದೆ.

"ಆರ್ ಯು ಶೂರ್? ಜಿದ್ದೀಗೆ ನೀನೇ ಹೇಳ್ತೀಯಾ?"

ಅಜ್ಜನನ್ನು ಅವಳು ಜಿದ್ದೀ ಅನ್ನುತ್ತಾಳೆ. ಅರಬ್ಬಿಯಲ್ಲಿ ಅದೇ ಅಜ್ಜ. ಕನ್ನಡದಲ್ಲೂ ಅವರಿಗೆ ಸರಿಯಾಗಿಯೇ ಹೊಂದುತ್ತದೆ.

"ಹೇಳ್ತೀನಿ. ಅವ್ರಿಗೇನ್ ಬೇಜಾರಾಗ್ತದ? ಮಗ ಸತ್ರೇ ಆಗ್ಲಿಲ್ಲ," ಅಂದೆ. ಹಾಲಿನಲ್ಲಿ ಮಂತ್ರಿಗಳು ಪೇಪರು ಮಡಿಸುವ ಸದ್ದು ಬಂತು. ಅವರಿಗೆ ಕಿವಿ ಮಂದ, ಕೇಳಿಸಿರಲಿಕ್ಕಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಇವತ್ತು ನಗು ಬಂತು, ತಪ್ಪೇನೋ ಎಂಬಂತೆ.

ಅವ್ವ ಕಲಬುರಗಿಯಿಂದ ವಿಡಿಯೊ ಕಾಲ್ ಮಾಡಿದ್ದಳು. ತಮ್ಮ ಶಶಿಧರನ ಫ್ಲ್ಯಾಟಿನಲ್ಲಿ ಅವಳದೇ ಒಂದು ರಾಜ್ಯ. ನಾನು ಅರಬನನ್ನು ಮದುವೆಯಾದೆ ಎಂದು ಎರಡು ವರ್ಷ ಮಾತು ಬಿಟ್ಟಿದ್ದವಳು, ಮೂರನೇ ವರ್ಷದಿಂದ ಅಳಿಯನ ಹೆಸರಿಗೆ ಶೇಂಗಾ ಹೋಳಿಗೆ ಕಳಿಸತೊಡಗಿದಳು. "ಆ ಬೀಗರ್ನ ಕರಿಯವಾ ಒಂಚೂರು, ಮಾತಾಡ್ಸಿ ಭಾಳ ದಿನಾ ಆತು," ಅಂದಳು.

ಅವರಿಬ್ಬರೂ ಮಾತಾಡುವುದು ಹಿಂದೂಸ್ತಾನಿಯಲ್ಲಿ. ಅವ್ವನದು ಕಲಬುರಗಿ ಬಜಾರಿನ ದಖನಿ. ಇವರದು ಏಡನ್ ಬಂದರಿನಲ್ಲಿ ಮುಂಬಯಿ ವ್ಯಾಪಾರಿಗಳಿಂದ ಕಲಿತದ್ದು. ತಬಿಯತ್ತು, ಹವಾ, ಮೊಣಕಾಲು ಎಲ್ಲ ಮುಗಿದ ಮೇಲೆ ಮಂತ್ರಿಗಳು ನಿಟ್ಟುಸಿರು ಬಿಟ್ಟು, "ಮೇರಾ ವತನ್ ಚಲಾ ಗಯಾ, ಬಹೆನ್," ಅಂದರು. ಅಂದರೆ ನನ್ನ ನಾಡು ಹೋಯಿತು ಅಂತ.

ಅವ್ವನ ಕಣ್ಣು ಅಗಲವಾದವು. "ಅಯ್ಯ ಪಾಪ! ನಿವೇದಿ, ಇವರ್ದೂ ವತನಾ ಹೋಗೇದಂತಲ್ಲ, ನೀ ಹೇಳೇ ಇಲ್ಲ ನನಗ!" ನಾನು ಬಾಯಿ ತೆರೆಯುವುದರೊಳಗೆ ಅವರ ಕಡೆ ತಿರುಗಿದಳು. "ಹಮಾರಾ ಭೀ ಗಯಾ, ಭಾಯಿಸಾಬ್. ಕಿತ್ತೇ ಎಕರ್ ಥಾ ತುಮಾರಾ?" ನಮ್ಮದೂ ಹೋಯಿತು, ನಿಮ್ಮದು ಎಷ್ಟು ಎಕರೆ ಇತ್ತು ಅಂತ.

ನಮ್ಮ ಮನೆತನಕ್ಕೆ ಮಾಲಿಪಾಟೀಲ್ಕಿಯ ವತನವಿತ್ತು, ಊರ ಕಂದಾಯ ವಸೂಲಿ ಮಾಡುವುದಕ್ಕೆ ನಿಜಾಮನ ಕಾಲದಲ್ಲಿ ಕೊಟ್ಟ ಜಮೀನು. ಕಾಯಿದೆ ಬಂದು ಹೋಯಿತು. ಅವ್ವನ ಲೋಕದಲ್ಲಿ ವತನ ಅಂದರೆ ಅದೊಂದೇ. ಹೋದದ್ದಕ್ಕೆ ಇವತ್ತಿಗೂ ಮೂಗು ಒರೆಸುತ್ತಾಳೆ.

ಮಂತ್ರಿಗಳು ಸ್ವಲ್ಪ ಯೋಚಿಸಿ ಹೇಳಿದರು. "ಬಹುತ್ ಥಾ, ಬಹೆನ್. ಸಮುದ್ರದಿಂದ ಮರಳುಗಾಡಿನ ತನಕ."

"ಅಬ್ಬಬ್ಬಾ!" ಅಂದಳು ಅವ್ವ. "ಯಾರ್ ಕಸ್ಕೊಂಡ್ರು, ಸರ್ಕಾರದವ್ರಾ?"

"ಅಪ್ನೇ ಲೋಗ್." ನಮ್ಮವರೇ ಅಂತ.

"ಮತ್ತ? ಯಾವತ್ತಿದ್ರೂ ಅಣ್ಣತಮ್ಮಿಕೆಯವ್ರೇ," ಅಂದಳು ಅವ್ವ, ಅರ್ಧ ಕನ್ನಡದಲ್ಲಿ, ಅವರಿಗೆ ತಿಳಿಯುತ್ತದೆ ಎಂಬ ಪೂರ್ತಿ ಭರವಸೆಯಲ್ಲಿ.

"ಅವ್ವಾ, ಅವ್ರು ಹೇಳೋ ವತನಾ ಅದಲ್ಲ..." ಎಂದು ಶುರು ಮಾಡಿದೆ. ಮಂತ್ರಿಗಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ತಿದ್ದಬೇಡಿ, ಡಾಕ್ಟರ್. ನನ್ನ ರಾಜಕೀಯವನ್ನು ಇಷ್ಟು ಚೆನ್ನಾಗಿ ಯಾರೂ ಅರ್ಥಮಾಡಿಕೊಂಡಿಲ್ಲ," ಅಂದರು ಇಂಗ್ಲಿಷಿನಲ್ಲಿ.

ನಗು ಬಂದದ್ದು ಆಗ. ನಗುವಾಗ ಸೋಫಾದ ಆ ತುದಿಗೆ ಕಣ್ಣು ಹೋಯಿತು, ನಬೀಲನೂ ನಗುತ್ತಿದ್ದಾನೋ ಎಂದು ನೋಡಲು. ಹೇಳುವುದಕ್ಕೆ ಅವನಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೆಪ್ಟೆಂಬರ್ 29, ಭಾನುವಾರ

ಮೂರು ತಿಂಗಳ ಮೇಲೆ ಮತ್ತೆ ಕನ್ನಡ ಕ್ಲಾಸಿಗೆ ಹೋದೆ. ಭಾನುವಾರ ಬೆಳಿಗ್ಗೆ ಕಮ್ಯುನಿಟಿ ಸೆಂಟರಿನ ಒಂದು ಕೋಣೆಯಲ್ಲಿ ಇಲ್ಲಿ ಹುಟ್ಟಿದ ಮಕ್ಕಳಿಗೆ ಅ ಆ ಇ ಈ ಕಲಿಸುತ್ತೇನೆ. ಮಂತ್ರಿಗಳನ್ನು ಒಬ್ಬರನ್ನೇ ಬಿಡಲಾಗದೆ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂಡಿಸಿದೆ. ಟೈ ಸಮೇತ.

ನಾನು ಹೆಸರು ಕರೆದೆ. "ಪ್ರದ್ಯುಮ್ನ?" "ಹಿಯರ್!" "ಹಿಯರ್ ಅಲ್ಲ, ಹಾಜರ್." "ಹಾಜರ್, ಆಂಟಿ." "ಸಂಯುಕ್ತಾ?" ಉತ್ತರವಿಲ್ಲ. "ಗೈರುಹಾಜರ್," ಎಂದು ಬರೆದುಕೊಂಡೆ. ತಲೆಯೆತ್ತಿದರೆ ಹಿಂದಿನ ಬೆಂಚಿನಲ್ಲಿ ಮಂತ್ರಿಗಳು ನಿಂತುಕೊಂಡಿದ್ದಾರೆ.

ಬರುವಾಗ ಕಾರಿನಲ್ಲಿ ಕೇಳಿದರು. "ಹಾಜಿರ್, ಗೈರ್ ಹಾಜಿರ್. ನಮ್ಮ ಮಾತು ನಿಮಗೆ ಹೇಗೆ ಸಿಕ್ಕಿತು?" ನಮ್ಮ ಕೋರ್ಟು, ಕಚೇರಿ, ಸ್ಕೂಲು ಎಲ್ಲದರಲ್ಲೂ ನಿಮ್ಮ ಮಾತೇ ಇದೆ, ಯಾರೂ ಬಾಡಿಗೆ ಕೇಳಿಲ್ಲ ಅಂದೆ. ನಕ್ಕರು. ಆಮೇಲೆ ಎಂಟು ವರ್ಷದಲ್ಲಿ ನನಗೆ ಎಂದೂ ಹೇಳದ ಕಥೆ ಹೇಳಿದರು.

ಮಂತ್ರಿಯಾಗಿ ಅವರು ಹೊರಡಿಸಿದ ಮೊದಲ ಹುಕುಂ ಹಾಜರಿಯದು. ಬೆಟ್ಟದ ಮೇಲಿನ ಒಂದು ಕೋಣೆಯ ಶಾಲೆಯಾದರೂ ಸರಿ, ಬೆಳಿಗ್ಗೆ ಎಂಟಕ್ಕೆ ಮಕ್ಕಳ ಹೆಸರು ಕರೆಯಬೇಕು. ಯಾವ ಮಗು ಗೈರುಹಾಜರೋ ಅದರ ಮನೆಗೆ ಮೇಷ್ಟ್ರು ಅದೇ ದಿನ ನಡೆದುಕೊಂಡು ಹೋಗಬೇಕು. "ಸುಲ್ತಾನರು ಕಂದಾಯ ಕೇಳಲು ಬರುತ್ತಿದ್ದರು, ಬ್ರಿಟಿಷರು ಬಂದೂಕು ಹುಡುಕಲು ಬರುತ್ತಿದ್ದರು. ನಿಮ್ಮ ಮಗ ಇವತ್ತು ಯಾಕೆ ಬರಲಿಲ್ಲ ಎಂದು ಕೇಳಲು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ದೇಶ ಅಂದರೆ ಅಷ್ಟೇ, ಡಾಕ್ಟರ್. ನೀವು ಇಲ್ಲದಿದ್ದರೆ ಯಾರಾದರೂ ಬಂದು ಕೇಳಬೇಕು."

ಆ ಕೆಲಸ ಹೇಗೆ ಹೋಯಿತು ಎಂದು ಕೇಳಿದೆ. "ರೇಡಿಯೊದಲ್ಲಿ," ಅಂದರು. ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದರಂತೆ. ಸುದ್ದಿ ಓದುವವನು 'ಮಾಜಿ ಶಿಕ್ಷಣ ಮಂತ್ರಿ ಉಮರ್ ಬಾ ಜುಬೈರ್' ಅಂದನಂತೆ. ಅರ್ಧ ಮುಖದಲ್ಲಿ ಸೋಪಿತ್ತು. ಮಿಕ್ಕರ್ಧ ಹೆರೆಯುವುದರೊಳಗೆ ಜೀಪು ಬಂತು, ಪೈಜಾಮದಲ್ಲೇ ಕರೆದೊಯ್ದರು.

ಕಥೆ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಊರಿನ ಮಕ್ಕಳಿಗೆಲ್ಲ ಹೆಸರು ಹಿಡಿದು ಕರೆದವರು ಸ್ವಂತ ಮಗನದನ್ನು ಯಾಕೆ ಕರೆಯುವುದಿಲ್ಲ?

ಅಕ್ಟೋಬರ್ 6, ಭಾನುವಾರ

ಅಂದುಬಿಟ್ಟೆ.

ಇವತ್ತು ನಬೀಲನ ಹುಟ್ಟುಹಬ್ಬ. ಮಗನ ಗೋರಿಗೆ ಹೋಗೋಣ, ಬನ್ನಿ ಅಂದೆ. ತಲೆ ಅಲ್ಲಾಡಿಸಿ ಪೇಪರು ಬಿಚ್ಚಿದರು. ನನಗೆ ಎಲ್ಲಿತ್ತೋ ಸಿಟ್ಟು. ನಬೀಲ್ ಏನು ಹೇಳುತ್ತಿದ್ದ ಗೊತ್ತಾ ಅಂದೆ. ಅವನು ಮೊದಲ ದಿನ ಶಾಲೆಗೆ ಹೋದಾಗ ಬೇರೆ ಮಕ್ಕಳ ಅಪ್ಪಂದಿರು ಬಾಗಿಲಲ್ಲಿ ನಿಂತಿದ್ದರು. ನೀವು ಇನ್ನೊಂದು ಊರಿನ ಶಾಲೆಯಲ್ಲಿ ಪೇಪರಿನವರ ಮುಂದೆ ಹಾಜರಿ ಕರೆಯುತ್ತಿದ್ದಿರಿ. 'ನಮ್ಮಪ್ಪ ದೇಶದ ಹಾಜರಿ ತೊಗೊಂಡ, ಮನೇಲಿ ಆಬ್ಸೆಂಟ್' ಅನ್ನುತ್ತಿದ್ದ. ನಾನು ಕಲಿಸಿದ ಗಾದೆಗಳಲ್ಲಿ ಅವನ ಬಾಯಲ್ಲಿ ಉಳಿದದ್ದು ಒಂದೇ, ಮನೆಗೆ ಮಾರಿ ಊರಿಗೆ ಉಪಕಾರಿ. ಅದರ ಅರ್ಥವನ್ನೂ ಬಿಡಿಸಿ ಹೇಳಿದೆ.

ಪೇಪರು ನಾಲ್ಕು ಮಡಿಕೆ ಮಾಡಿ ಟೇಬಲ್ಲಿನ ಮೇಲಿಟ್ಟು, "ಸರಿಯಾಗಿ ಹೇಳಿದ್ದಾನೆ," ಅಂದು ರೂಮಿಗೆ ಹೋದರು. ಆಗಲೂ ಹೆಸರು ಹೇಳಲಿಲ್ಲ.

ಅಕ್ಟೋಬರ್ 7

ಊಟ ಬಿಟ್ಟಿದ್ದಾರೆ. ನಾನೂ ಬಿಟ್ಟಿದ್ದೇನೆ. ಇಬ್ಬರು ಮೊಂಡರ ನಡುವೆ ಬಿಸಿ ಅನ್ನ ತಣ್ಣಗಾಯಿತು.

ಅಕ್ಟೋಬರ್ 20, ಭಾನುವಾರ

ಅವ್ವ ಮಾಡಿದ ಕೆಲಸ.

ಈಗ ಪ್ರತಿ ಭಾನುವಾರ ಬೀಗರಿಬ್ಬರ ವತನದ ಮಾತುಕತೆ ನಡೆಯುತ್ತದೆ. ಅವ್ವ ಶಶಿಧರನ ಹತ್ತಿರ ಕಾಯಿದೆ ವಿಚಾರಿಸಿದ್ದಳಂತೆ. "ಕೇಸ್ ಹಾಕ್ರಿ ಭಾಯಿಸಾಬ್, ಬಿಡಬ್ಯಾಡ್ರಿ. ಪೈಲೇ ಏಕ್ ಬಾತ್ ಬೋಲೋ, ತುಮಾರೇ ವತನ್ ಕಾ ವಾರಿಸ್ ಕೌನ್ ಹೈ?"

ವತನಕ್ಕೆ ವಾರಸದಾರ ಯಾರು. ವತನದ ಕೇಸಿನಲ್ಲಿ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ ಅದು. ಹಿರಿಯ ಮಗ ಎಂಬುದು ಎಲ್ಲರೂ ಹೇಳುವ ಜವಾಬು. ಕೇಳಿದ ಮೇಲೆ ಅವ್ವನಿಗೆ ಹೊಳೆಯಿತು. ಸೆರಗು ಬಾಯಿಗೊತ್ತಿಕೊಂಡು ನನ್ನ ಕಡೆ ನೋಡಿದಳು. "ನಿವೇದಿ, ನಾ ಹಂಗಲ್ಲವಾ... ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ..."

ಮಂತ್ರಿಗಳು ಪರದೆಯನ್ನೇ ನೋಡುತ್ತ ಕೂತಿದ್ದರು. "ಜವಾಬು ಆಮೇಲೆ ಕೊಡುತ್ತೇನೆ, ಬಹೆನ್," ಎಂದು ಎದ್ದರು. ಗೋಡೆ ಹಿಡಿದುಕೊಂಡು ರೂಮಿನವರೆಗೆ ಹೋದರು. ಅವರು ಗೋಡೆ ಹಿಡಿದದ್ದನ್ನು ನಾನು ಮೊದಲು ನೋಡಿರಲಿಲ್ಲ.

ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ ಮಾಡಿದೆ. ಮೆತ್ತಗಿರುವಾಗಲೇ ತಿನ್ನಬೇಕು, ಈಚೆಗೆ ಸೊರಗಿದ ಮೇಲೆ ಸೆಟ್ಟು ಸಡಿಲಾಗಿ ಒಸಡು ನೋಯುತ್ತದೆ ಅವರಿಗೆ.

ನವೆಂಬರ್ 3, ಭಾನುವಾರ

ನವೆಂಬರ್ ಮೂವತ್ತು ಅವರ ದೇಶದ ಸ್ವಾತಂತ್ರ್ಯ ದಿನ. ಓಕ್‌ಲ್ಯಾಂಡಿನ ಯೆಮನಿಗಳ ಒಂದು ಸಂಘದವರು ಭಾಷಣಕ್ಕೆ ಕರೆದಿದ್ದಾರೆ. ಎಂಟು ವರ್ಷದಲ್ಲಿ ಮೊದಲ ಸಲ. ಸೂಟು ಡ್ರೈಕ್ಲೀನಿಗೆ ಹೋಯಿತು.

ಸಂತೋಷದಲ್ಲಿರುವಾಗಲೇ ಡ್ಯಾನ್‌ವಿಲ್ಲಿನ ವಿಷಯ ಹೇಳಿಬಿಡೋಣ ಎಂದು ಚಹಾ ತಂದಿಟ್ಟು ಎದುರು ಕೂತೆ. ಸಕ್ಕರೆಯನ್ನೇ ಕಲಕುತ್ತಿದ್ದೆ. ಅವರೇ ಮಾತು ತೆಗೆದರು.

"ಡಿಸೆಂಬರ್ ಒಂದು, ಅಲ್ಲವೇ? ರೇಡಿಯೊದಲ್ಲಿ ಕೇಳಿದೆ."

ಯಾವ ರೇಡಿಯೊ ಅಂದೆ. ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಅವತ್ತು ಸ್ಪೀಕರಿನ ಮೇಲಿದ್ದ ಫೋನು. ಹಾಗಾದರೆ ಮಗ ಸತ್ತರೂ ಬೇಜಾರಾಗಲಿಲ್ಲ ಎಂದದ್ದನ್ನೂ ಕೇಳಿದ್ದಾರೆ. ಕೇಳಿ ಎರಡು ತಿಂಗಳು ನನ್ನ ಕೈಯ ಅನ್ನ ಉಂಡಿದ್ದಾರೆ.

"ನಿಮಗೆ ಇಷ್ಟ ಇಲ್ಲ ಅಂದರೆ..." ಅಂದೆ.

"ರೂಮಿಗೆ ಕಿಟಕಿ ಇದೆಯಾ?" ಎಂದು ಕೇಳಿದರು. ಇದೆ ಅಂದೆ. "ಹಾಗಾದರೆ ಹಿಂದಿನ ಸಲಕ್ಕಿಂತ ವಾಸಿ," ಅಂದು ಚಹಾ ಕುಡಿದರು.

ನವೆಂಬರ್ 17

ಸೂಟು ಬಂತು. ದೊಡ್ಡದಾಗಿದೆ, ಅವರೇ ಇಳಿದಿದ್ದಾರೆ. ಸೊಂಟದಲ್ಲಿ ಹಿಡಿದು ಹೊಲಿದೆ. ಗುಂಡುಸೂಜಿ ಚುಚ್ಚುತ್ತದೆ, ಅಲ್ಲಾಡಬೇಡಿ ಅಂದರೆ ಮಕ್ಕಳ ಹಾಗೆ ಉಸಿರು ಹಿಡಿದು ನಿಂತರು.

ನವೆಂಬರ್ 29, ಶುಕ್ರವಾರ

ಓಕ್‌ಲ್ಯಾಂಡಿನ ಸಂಘದ ಹುಡುಗ ಫೋನು ಮಾಡಿದ್ದ. ಪಾಪ, ಮರ್ಯಾದೆಯಿಂದಲೇ ಹೇಳಿದ. ನಮ್ಮಲ್ಲಿ ಹೆಚ್ಚಿನವರು ಉತ್ತರದವರು, ಮೇಡಂ. ಆ ಹಳೆಯ ದೇಶದ ಮಾತು ಈಗ ಬೇಡ ಅನ್ನುತ್ತಿದ್ದಾರೆ. ಗಲಾಟೆ ಆಗಬಹುದು. ದಯವಿಟ್ಟು ಅಂಕಲ್ಲನ್ನು ಕರೆತರಬೇಡಿ.

ಫೋನಿಟ್ಟು ಹಾಲಿಗೆ ಬಂದರೆ ಅವರು ಕನ್ನಡಿಯ ಮುಂದೆ ಸೂಟು ಹಾಕಿಕೊಂಡು ನಿಂತಿದ್ದಾರೆ. ಹೇಳಲಾಗಲಿಲ್ಲ. ಈ ಮನುಷ್ಯನ ಮೇಲೆ ನನಗೆ ಅಯ್ಯೋ ಪಾಪ ಅಂತೇನಿಲ್ಲ, ಹೊಲಿದ ಕೋಟು ದಂಡವಾಗುತ್ತದೆ ಎಂದಷ್ಟೇ.

ಕುಬೇರಪ್ಪನವರಿಗೆ ಫೋನು ಮಾಡಿದೆ. ಹುಬ್ಬಳ್ಳಿಯವರು, ನಮ್ಮ ಕನ್ನಡ ಬಳಗದ ಅಧ್ಯಕ್ಷರು. ನವೆಂಬರ್ ಒಂದರ ರಾಜ್ಯೋತ್ಸವವನ್ನು ಹಾಲ್ ಸಿಗಲಿಲ್ಲವೆಂದು ನಾಳೆಗೆ ಇಟ್ಟುಕೊಂಡಿದ್ದಾರೆ. ಹತ್ತು ನಿಮಿಷ ಮೈಕು ಬೇಕು, ನಮ್ಮ ಮಾವನವರು ಮಾತಾಡಬೇಕು, ಮಂತ್ರಿಯಾಗಿದ್ದವರು ಅಂದೆ.

"ಖರೇ ಮಂತ್ರಿಗಳಾ?" ಅಂದರು ಕುಬೇರಪ್ಪ. "ಅಲ್ರೀ ಡಾಕ್ಟ್ರೇ, ಹದಿನೈದು ವರ್ಷದಾಗ ನಮ್ಮ ಬಳಗಕ ಒಬ್ಬ ಕಾರ್ಪೊರೇಟರ್ ಸೈತ ಬಂದಿಲ್ಲ! ಕರ್ಕೊಂಡ್ ಬರ್ರಿ. ಪೇಟಾ ನಾ ತರ್ತೀನಿ."

ನವೆಂಬರ್ 30, ಶನಿವಾರ

ಎಲ್ಲವನ್ನೂ ಬರೆದಿಡಬೇಕು.

ಮಧ್ಯಾಹ್ನ ಹೊರಡುವಾಗ ನೋಡಿದರೆ ನನ್ನ ಕಾರಿನ ಟೈರು ಕೂತುಬಿಟ್ಟಿತ್ತು. ಇನ್ನುಳಿದದ್ದು ಡ್ರೈವ್‌ವೇಯಲ್ಲಿ ಜೂನಿನಿಂದ ನಿಂತಿರುವ ನಬೀಲನ ಕಾರು. ಬ್ಯಾಟರಿ ಸತ್ತಿರುತ್ತದೆ ಎಂದು ಜಂಪರ್ ಕೇಬಲ್ ಕೇಳಲು ಪಕ್ಕದ ಶೇಷಾದ್ರಿಯವರ ಬಾಗಿಲು ಬಡಿದೆ.

"ಕೇಬಲ್ ಯಾಕೆ ಮೇಡಂ? ಆ ಗಾಡಿ ದಿನಾ ಸ್ಟಾರ್ಟ್ ಆಗುತ್ತಲ್ಲ," ಅಂದರು. "ನಿಮ್ಮ ಮಾವ ಬೆಳಿಗ್ಗೆ ಏಳಕ್ಕೆ ಬಂದು ಸ್ಟಾರ್ಟ್ ಮಾಡಿ ಒಳಗೆ ಕೂತಿರ್ತಾರೆ. ಹತ್ತು ನಿಮಿಷ. ಆಮೇಲೆ ಆಫ್ ಮಾಡಿ ಒಳಗೆ ಹೋಗ್ತಾರೆ. ಬ್ಯಾಟರಿ ಸಾಯಬಾರದು ಅಂತಾನೋ ಏನೋ."

"ಆ ಸದ್ದು ನಿಮ್ಮ ಕಾರಿಂದಲ್ವಾ?"

"ನಂದು ಎಲೆಕ್ಟ್ರಿಕ್ಕು ಮೇಡಂ, ಸದ್ದೆಲ್ಲಿ ಬರುತ್ತೆ?"

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟಾಯಿತು. ನಬೀಲ್ ಕೇಳುತ್ತಿದ್ದ ಅದೇ ಸ್ಟೇಷನ್ನು ಹಾಡತೊಡಗಿತು, ಅವನು ಇಟ್ಟಿದ್ದ ಅದೇ ವಾಲ್ಯೂಮಿನಲ್ಲಿ. ಸೀಟು ಅವನ ಕಾಲಿನ ಅಳತೆಗೇ ಇತ್ತು. ಆರು ತಿಂಗಳು ಈ ಮನುಷ್ಯ ದಿನಾ ಇಲ್ಲಿ ಕೂತಿದ್ದಾರೆ, ಸೀಟು ಮುಂದೆ ಎಳೆದುಕೊಂಡಿಲ್ಲ. ನಾನು ಗೋಡೆಯ ಆಚೆ ಮಲಗಿ ಪಕ್ಕದ ಮನೆಯವರನ್ನು ಬೈಯುತ್ತಿದ್ದೆ.

ಮಾವ ಬಂದು ಪಕ್ಕದಲ್ಲಿ ಕೂತರು. ಫ್ರೀವೇ ಹತ್ತದೆ ಎಡಕ್ಕೆ ತಿರುಗಿಸಿದಾಗ, "ಓಕ್‌ಲ್ಯಾಂಡ್ ಈ ಕಡೆ ಅಲ್ಲ..." ಎಂದು ನಾನೇ ತೊದಲಿದೆ.

"ಗೊತ್ತು. ಆ ಹುಡುಗ ಮೊದಲು ನನಗೇ ಫೋನು ಮಾಡಿದ," ಅಂದರು. "ನೀವು ಕೋಟು ಹೊಲಿದಿರಿ, ಅದಕ್ಕೆ ಹಾಕಿಕೊಂಡೆ."

ಹಾಲಿನ ತುಂಬ ಹಳದಿ ಕೆಂಪು ಬಾವುಟ. ಕುಬೇರಪ್ಪ ಹಾರ ಹಾಕಿ ಶಾಲು ಹೊದಿಸಿ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಹುಬ್ಬಿನ ಮೇಲೆ ಇಳಿಯಿತು. ಮಾವ ಅದನ್ನು ಬೆರಳಿನಿಂದ ಮೇಲೆ ತಳ್ಳುತ್ತ ಮೈಕಿನ ಮುಂದೆ ನಿಂತರು. ಇಂಗ್ಲಿಷಿನಲ್ಲಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅರಬ್ಬಿಯಲ್ಲಿ ಶುರುಮಾಡಿದರು.

ಮೂವತ್ತು ವರ್ಷ ಅವರ ಮಗನ ಜೊತೆ ಬಾಳಿದೆ, ಇಂಗ್ಲಿಷಿನಲ್ಲೇ ಮುಗಿಸಿದೆ, ಅರಬ್ಬಿ ಕಲಿಯಲಿಲ್ಲ. ಆದರೂ ನಡುನಡುವೆ ನನ್ನ ಮಾತುಗಳೇ ಕೇಳಿಸುತ್ತಿದ್ದವು. ತಾರೀಖ್. ಕಿತಾಬ್. ಹಕ್. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಕುಬೇರಪ್ಪ ನನ್ನ ಕಿವಿಯಲ್ಲಿ, "ಏನ್ರೀ ಡಾಕ್ಟ್ರೇ, ನಮ್ಮ ಕಚೇರಿ ಭಾಷಾನೇ ಮಾತಾಡ್ಲಿಕ್ಕತ್ತಾರ!" ಅಂದರು. 'ಇನ್ಕಿಲಾಬ್' ಎಂದಾಗ ಹಿಂದಿನ ಸಾಲಿನಿಂದ ಯಾರೋ 'ಜಿಂದಾಬಾದ್' ಎಂದು ಕೂಗಿದರು. ಮಾವ ನಿಂತು ನಕ್ಕರು. ಅವರ ಭಾಷೆಯಲ್ಲಿ ಆ ಮಾತಿಗೆ ತಮ್ಮವರೇ ಕುರ್ಚಿ ಕಸಿದುಕೊಳ್ಳುವುದು ಎಂದು ಅರ್ಥವಂತೆ, ಆಮೇಲೆ ಹೇಳಿದರು.

ನಾನು ಫೋನು ಎತ್ತಿ ಹಿಡಿದಿದ್ದೆ. ಕಲಬುರಗಿಯಲ್ಲಿ ಅವ್ವ ಬೆಳಕು ಹರಿಯುವ ಮೊದಲೇ ಎದ್ದು ನೋಡುತ್ತಿದ್ದಳು. ಮಾವ ಕೊನೆಗೆ ಫೋನಿನ ಕಡೆ ತಿರುಗಿದರು. ಪೇಟ ತೆಗೆದು ಎದೆಗೆ ಹಿಡಿದುಕೊಂಡರು. ಬಿಡಿಸಿ ಬಿಡಿಸಿ ಹೇಳಿದರು.

"ವಾರಿಸ್ ಅಲ್ ವತನ್. ನಬೀಲ್. ಗೈರ್ ಹಾಜಿರ್."

ಅರಬ್ಬಿ ಬಾರದ ಆ ಹಾಲಿನಲ್ಲಿ ತಿಳಿಯದವರು ಒಬ್ಬರೂ ಇರಲಿಲ್ಲ. ವತನದ ವಾರಸದಾರ, ನಬೀಲ್, ಗೈರುಹಾಜರ್.

ಇನ್ನೊಂದು ಸಲ ಹೇಳಿದರು, ಹೆಸರನ್ನಷ್ಟೇ. ಮೂರನೇ ಸಲ ಬಾಯಿ ತೆರೆದರು, ದನಿ ಬರಲಿಲ್ಲ. ನಾನು ಕಟ್ಟಿದ ಹಲ್ಲು ಕಟಕಟ ಎನ್ನುವುದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಅತ್ತರು. ಎಂಬತ್ತೇಳು ವರ್ಷದ ಮನುಷ್ಯ ಅಷ್ಟು ಜನರ ಮುಂದೆ ಅಳುವುದನ್ನು ನಾನು ಬೇಡಿಕೊಂಡಿದ್ದೆನಲ್ಲ, ಸಿಕ್ಕಿತು. ಏನೂ ಸಮಾಧಾನವಾಗಲಿಲ್ಲ. ಓಡಿಹೋಗಿ ಹಿಡಿದುಕೊಂಡೆ. ಫೋನಿನಲ್ಲಿ ಅವ್ವ "ಅಳಬ್ಯಾಡ್ರಿ ಭಾಯಿಸಾಬ್, ಅಳಬ್ಯಾಡ್ರಿ," ಎಂದು ತಾನೂ ಅಳುತ್ತಿದ್ದಳು.

ಮನೆಗೆ ಬಂದು ಹೇಳಿದೆ. ಡ್ಯಾನ್‌ವಿಲ್ ಬೇಡ, ಬೇಡ ಅಂದರೆ ಬೇಡ, ಬೆಳಿಗ್ಗೆ ಫೋನು ಮಾಡುತ್ತೇನೆ.

ಡಿಸೆಂಬರ್ 1, ಭಾನುವಾರ

ಎದ್ದು ಬಂದರೆ ಬ್ಯಾಗಿನ ಪಕ್ಕ ಸೂಟು ಹಾಕಿಕೊಂಡು ಕೂತಿದ್ದಾರೆ.

ಬೇಡಿಕೊಂಡೆ. ಜಗಳವಾಡಿದೆ. ನಾನು ಹೇಳಿದ್ದು ತಪ್ಪು, ನೀವು ಇಲ್ಲೇ ಇರಬೇಕು ಅಂದೆ. ಕೇಳಲಿಲ್ಲ. "ನನ್ನನ್ನು ನೋಡಿಕೊಳ್ಳುತ್ತ ನೀವು ಅಳುವುದನ್ನೇ ಮರೆತಿದ್ದೀರಿ, ನಲ್ಲಿ ಬಿಟ್ಟುಕೊಂಡು ಅಳುತ್ತೀರಿ. ಮನೆಯಲ್ಲಿ ಜೋರಾಗಿ ಅಳುವಷ್ಟು ಜಾಗ ಬೇಕು ನಿಮಗೆ," ಅಂದರು. "ಹಿಂದಿನ ಸಲ ಪೈಜಾಮದಲ್ಲಿ ಎಳೆದೊಯ್ದರು. ಈ ಸಲ ಸೂಟು ಹಾಕಿಕೊಂಡು ನಾನಾಗಿ ಹೋಗುತ್ತೇನೆ. ಅಷ್ಟು ಬಿಟ್ಟುಕೊಡಿ."

ಕಾರು ಹೊರಟ ಮೇಲೆ, "ಮೊದಲು ಗೈರುಹಾಜರಾದ ಹುಡುಗನ ಮನೆಗೆ," ಅಂದರು.

ಲಿವರ್‌ಮೋರ್ ಕಡೆ ಖಬರಸ್ತಾನದಲ್ಲಿ ಗಾಳಿ ಜೋರಾಗಿತ್ತು. ನನ್ನ ತೋಳು ಬಿಟ್ಟು ನೆಟ್ಟಗೆ ನಿಂತರು. ಮೇಷ್ಟ್ರ ದನಿಯಲ್ಲಿ ಪೂರ್ತಿ ಹೆಸರು ಕರೆದರು. "ನಬೀಲ್ ಉಮರ್ ಬಾ ಜುಬೈರ್."

ಕಾದರು. ನನಗೆ ತಡೆಯಲಾಗಲಿಲ್ಲ. "ಹಾಜರ್," ಅಂದೆ.

ತಲೆ ಅಲ್ಲಾಡಿಸಿದರು. "ಇನ್ನೊಬ್ಬರ ಹಾಜರಿ ಹೇಳುವ ಹಾಗಿಲ್ಲ. ನನ್ನ ಶಾಲೆಗಳಲ್ಲಿ ಅದಕ್ಕೆ ಶಿಕ್ಷೆಯಿತ್ತು," ಅಂದರು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಎಂಟು ವರ್ಷದಲ್ಲಿ ಮೊದಲ ಸಲ, "ನಿವೇದಿತಾ," ಎಂದು ಕರೆದರು.

ಅವರು ಅವಸರ ಮಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೇಳಿದೆ. ಹಾಜರ್.

ಡ್ಯಾನ್‌ವಿಲ್ಲಿನ ರೂಮಿಗೆ ಕಿಟಕಿ ಇದೆ. ಗುಡ್ಡ ಕಾಣುತ್ತದೆ. ಬರುವಾಗ ಫ್ರೀವೇಯ ಉದ್ದಕ್ಕೂ ಜೋರಾಗಿ ಅತ್ತೆ, ಯಾರಿಗೂ ಕೇಳಿಸುವುದಿಲ್ಲವಲ್ಲ.

ಡಿಸೆಂಬರ್ 4

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನು. ಎರಡು ಹೆಸರು ಕರೆಯುತ್ತಾರೆ. ಮೊದಲನೆಯದಕ್ಕೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಎರಡನೆಯದಕ್ಕೆ ನಾನು ಹಾಜರ್ ಅನ್ನುತ್ತೇನೆ. ಅಷ್ಟೇ, ಇಟ್ಟುಬಿಡುತ್ತಾರೆ.

ಏಳಕ್ಕೆ ನಬೀಲನ ಕಾರು ಸ್ಟಾರ್ಟು ಮಾಡಿ ಕೂರುತ್ತೇನೆ. ಬ್ಯಾಟರಿ ಸಾಯಬಾರದಲ್ಲ.

ಡಿಸೆಂಬರ್ 22, ಭಾನುವಾರ

ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಮಾವ ಅಲ್ಲಿನ ಮುದುಕರಿಗೆಲ್ಲ ಬೆಳಿಗ್ಗೆ ಹಾಜರಿ ಕರೆಯುತ್ತಾರಂತೆ. ಚೀನಾದವರೊಬ್ಬರು, ಪಂಜಾಬಿನವರೊಬ್ಬರು, ಎಲ್ಲರೂ ಹಾಜಿರ್ ಅನ್ನುತ್ತಾರೆ ಎಂದು ನರ್ಸು ನಕ್ಕಳು. ಮತ್ತೆ ಮಂತ್ರಿಯಾಗಿದ್ದೀರಿ ಅಂದೆ. ಖಾತೆ ಚಿಕ್ಕದು ಅಂದರು. ಕೈ ತಣ್ಣಗಿತ್ತು, ನನ್ನ ಶಾಲು ಬಿಟ್ಟು ಬಂದೆ.

ಜನವರಿ 14, ಮಂಗಳವಾರ

ಇವತ್ತು ಎಂಟಕ್ಕೆ ಫೋನು ಬರಲಿಲ್ಲ.

ಎಂಟೂವರೆಗೆ ಬಂತು, ನರ್ಸಿನದು. ನಿದ್ದೆಯಲ್ಲೇ ಹೋದರಂತೆ. ಟೈ ಕಟ್ಟಿರಲಿಲ್ಲ.

ನಿಹಾರಿಕಾ ಎಮರಿವಿಲ್ಲಿನಿಂದ ಬರುತ್ತಿದ್ದಾಳೆ. ನೀನು ಒಬ್ಬಳೇ ಡ್ರೈವ್ ಮಾಡಬೇಡ, ಕೂತಿರು ಅಂದಿದ್ದಾಳೆ. ಅದಕ್ಕೇ ಬರೆಯುತ್ತ ಕೂತಿದ್ದೆ. ಕೂರಲಾಗುವುದಿಲ್ಲ. ಹುಕುಂ ಇದೆ, ಗೈರುಹಾಜರಾದವರ ಮನೆಗೆ ಅದೇ ದಿನ ಹೋಗಬೇಕು. ನಬೀಲನ ಕಾರು ಬೆಳಿಗ್ಗೆ ಏಳಕ್ಕೇ ಸ್ಟಾರ್ಟು ಮಾಡಿ ನೋಡಿದ್ದೇನೆ. ಹೊರಟೆ, ಮಾವ.